ರಾತ್ರಿ ಒಂಬತ್ತೂವರೆಯ ಮೂರು ಪಾತ್ರೆ

ರಾತ್ರಿ ಒಂಬತ್ತೂವರೆಗೆ ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಮೂರು ಪಾತ್ರೆ ಸಾಲಾಗಿ ಕೂತಿರುತ್ತವೆ. ಒಂದರಲ್ಲಿ ಹುರುಳಿ ನೆನೆಯುತ್ತಿರುತ್ತದೆ. ಇನ್ನೊಂದರಲ್ಲಿ ಕಲಸಿಟ್ಟ ರಾಗಿಹಿಟ್ಟು ಹುಳಿಯಾಗುತ್ತಿರುತ್ತದೆ. ಮೂರನೆಯದರಲ್ಲಿ ಹೆಪ್ಪು ಹಾಕಿದ ಹಾಲು. ಇಷ್ಟಕ್ಕೆ ನನಗೆ ಹಿಡಿಯುವುದು ಹತ್ತು ನಿಮಿಷ. ಗಡಿಯಾರ ನೋಡಿಕೊಂಡೇ ಹೇಳುತ್ತಿದ್ದೇನೆ, ಏಕೆಂದರೆ 33 ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನಿಗೆ ಗಡಿಯಾರ ನೋಡದೆ ಮಾತಾಡಲು ಬರುವುದಿಲ್ಲ.

ಊರು ತುಮಕೂರು. ಸೇವೆಯ ಬಹುಭಾಗ ಪಾವಗಡದ ರೂಟು: ಕೊರಟಗೆರೆ, ಮಧುಗಿರಿ ದಾಟಿ ಹೋಗಿ, ಅಲ್ಲೇ ನೈಟ್ ಹಾಲ್ಟ್ ಮಾಡಿ, ಬೆಳಗ್ಗೆ ವಾಪಸ್. ಬೆಳಗ್ಗೆ ಬೋಂಡಾ, ಮಧ್ಯಾಹ್ನ ಸಿಕ್ಕಿದ ಹೋಟೆಲಿನಲ್ಲಿ ಅನ್ನ, ರಾತ್ರಿ ಹತ್ತು ಗಂಟೆಗೆ ಇನ್ನಷ್ಟು ಅನ್ನ, ನಡುನಡುವೆ ಎಂಟು ಟೀ. ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೆ ದಿನಕ್ಕೆ ಹದಿನಾರು ಚಮಚ. ಚಮಚಕ್ಕೆ ನಾಲ್ಕೇ ಗ್ರಾಂ ಹಿಡಿದರೂ 64 ಗ್ರಾಂ ಆಯಿತು. ಸಾವಿರಾರು ರೂಪಾಯಿ ಕಲೆಕ್ಷನ್ನಿಗೆ ಒಂದು ರೂಪಾಯಿ ತಪ್ಪದಂತೆ ಲೆಕ್ಕ ಕೊಟ್ಟವನು ಈ ಲೆಕ್ಕವನ್ನು ಒಂದು ದಿನವೂ ಮಾಡಿರಲಿಲ್ಲ. 58ನೇ ವಯಸ್ಸಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಬಿಪಿ 150/94, ಖಾಲಿ ಹೊಟ್ಟೆಯ ಸಕ್ಕರೆ 118, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1. ಡಾಕ್ಟರು, "ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಬಾಗಿಲಲ್ಲಿ ಚಪ್ಪಲಿ ಬಿಡ್ತಾ ಇದೆ" ಅಂದರು. ಬಿಪಿಗೆ ಒಂದು ಮಾತ್ರೆ ಬರೆದುಕೊಟ್ಟರು. ಅದನ್ನು ಈಗಲೂ ನುಂಗುತ್ತೇನೆ. ಮುಂದೆ ಬರೆದಿರುವ ಯಾವುದನ್ನು ಓದಿಯೂ ನಿಮ್ಮ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಅಡುಗೆಮನೆಗೆ ನಾನು ಕಾಲಿಟ್ಟದ್ದು ನಿವೃತ್ತಿಯಾದ ಮೇಲೆ, ಹೆಂಡತಿಗೆ ಮಂಡಿ ಆಪರೇಷನ್ ಆದಾಗ. ಅವಳು ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು ಹೇಳುವುದು, ನಾನು ಒಳಗೆ ಮಾಡುವುದು. ಮೊದಲ ವಾರ ಮೂರು ಹೊತ್ತೂ ಉಪ್ಪಿಟ್ಟು. ಎಂಟನೇ ದಿನ ಅವಳು, "ರೀ, ನಾಳೆ ಏನು ಅಂತ ನಾಳೆ ಯೋಚನೆ ಮಾಡಿದ್ರೆ ಉಪ್ಪಿಟ್ಟೇ ಗತಿ. ಇವತ್ತು ರಾತ್ರಿ ಯೋಚನೆ ಮಾಡಿ" ಅಂದಳು. ನನಗೆ ತಿಳಿದ ಮಟ್ಟಿಗೆ ಆರೋಗ್ಯದ ಊಟದ ಗುಟ್ಟೆಲ್ಲ ಆ ಮಾತಿನಲ್ಲೇ ಇದೆ. ಸೊಪ್ಪು, ಕಾಳು, ರಾಗಿ ಒಳ್ಳೆಯದು ಅಂತ ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ. ಆದರೆ ಬೆಳಗ್ಗೆ ಏಳಕ್ಕೆ ಹಸಿವಾದಾಗ ಮನೆಯಲ್ಲಿ ಏನು ತಯಾರಿದೆಯೋ ಅದನ್ನೇ ಮನುಷ್ಯ ತಿನ್ನುತ್ತಾನೆ. ರವೆ ಹತ್ತು ನಿಮಿಷಕ್ಕೆ ಬೇಯುತ್ತದೆ, ಹುರುಳಿ ಬೇಯಬೇಕಾದರೆ ಹಿಂದಿನ ರಾತ್ರಿಯೇ ನೀರಿಗೆ ಬಿದ್ದಿರಬೇಕು.

ಮೊದಲ ಪಾತ್ರೆ: ಅಂಬಲಿ

ಇಬ್ಬರಿಗೆ ನಾಲ್ಕು ದೊಡ್ಡ ಚಮಚ ರಾಗಿಹಿಟ್ಟು ಸಾಕು. ಒಂದು ಲೋಟ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಗಂಟಿಲ್ಲದಂತೆ ಕಲಸಿ. ಮಣ್ಣಿನ ಕುಡಿಕೆಯಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಸ್ಟೀಲ್ ಪಾತ್ರೆ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಮಾತ್ರ ಇಡಬೇಡಿ. ಹುಳಿಗೆ ತಾಮ್ರ ಕರಗಿ ಅಂಬಲಿಗೆ ಇಳಿಯುತ್ತದೆ. ಅಟ್ಟದ ಮೇಲಿದ್ದ ಅಜ್ಜಿಯ ಕಾಲದ ಹಿತ್ತಾಳೆ ಚೊಂಬನ್ನು ಹುರುಪಿನಿಂದ ಇಳಿಸಿ ಉಜ್ಜಿ ನಾನೂ ಇದೇ ತಪ್ಪು ಮಾಡಿದ್ದೆ. ಬೆಳಗ್ಗೆ ಬಾಯಿಗಿಟ್ಟರೆ ನಾಣ್ಯ ನೆಕ್ಕಿದ ರುಚಿ. ಅಷ್ಟನ್ನೂ ಚೆಲ್ಲಿದೆ.

ತೆಳು ಬಟ್ಟೆ ಮುಚ್ಚಿ ಇಡಿ. ಏಪ್ರಿಲ್ ಬಿಸಿಲಿನ ಕಾಲದಲ್ಲಿ ಎಂಟು ಗಂಟೆಯಲ್ಲಿ ಹುಳಿ ಬರುತ್ತದೆ. ಡಿಸೆಂಬರಿನಲ್ಲಿ ಹನ್ನೆರಡು ಗಂಟೆಯಾದರೂ ಬೇಕು, ಆಗ ಒಂದು ಚಮಚ ಮಜ್ಜಿಗೆ ಬೆರೆಸಿಟ್ಟರೆ ಬೇಗ ಆಗುತ್ತದೆ. ಬೆಳಗ್ಗೆ ಮೇಲೆ ತಿಳಿನೀರು, ಕೆಳಗೆ ಹಿಟ್ಟು, ಸಣ್ಣ ಸಣ್ಣ ಗುಳ್ಳೆ ಇರುತ್ತವೆ. ವಾಸನೆ ಹಿತವಾಗಿ ಹುಳಿಯಾಗಿರಬೇಕು. ಮುಗ್ಗಲು ವಾಸನೆ ಬಂದರೆ, ಬೂಸ್ಟು ಕಂಡರೆ ಚೆಲ್ಲಿಬಿಡಿ.

ಮೂರು ಲೋಟ ನೀರು ಕುದಿಯಲಿಕ್ಕಿಡಿ. ಕಲಸಿಟ್ಟದ್ದನ್ನು ತಿಳಿಯ ಸಮೇತ ಕದಡಿ, ಒಂದು ಕೈಯಲ್ಲಿ ಸುರಿಯುತ್ತಾ ಇನ್ನೊಂದು ಕೈಯಲ್ಲಿ ತಿರುವುತ್ತಾ ಇರಿ. ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ. ಮೊದಲು ಮಣ್ಣಿನ ಬಣ್ಣ ಇದ್ದದ್ದು ಬೇಯುತ್ತಾ ಕಪ್ಪಗಾಗಿ ಹೊಳಪು ಬರುತ್ತದೆ, ಹಸಿ ವಾಸನೆ ಹೋಗುತ್ತದೆ. ಇಳಿಸಿ, ಪೂರ್ತಿ ಆರಲು ಬಿಡಿ. ಬಿಸಿಯಲ್ಲೇ ಮಜ್ಜಿಗೆ ಸುರಿದರೆ ಒಡೆದು ನೀರು ಬೇರೆ, ಚರಟ ಬೇರೆ ಆಗುತ್ತದೆ. ಆರಿದ ಮೇಲೆ ಎರಡು ಲೋಟ ಮಜ್ಜಿಗೆ, ಚಿಟಿಕೆ ಉಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ, ಜಜ್ಜಿದ ಶುಂಠಿ ಚೂರು, ಕೈಯಲ್ಲಿ ಮುರಿದ ಕರಿಬೇವು. ಹಸಿಮೆಣಸಿನಕಾಯಿಯನ್ನು ನಾನು ಅರೆಯುವುದಿಲ್ಲ. ಪಕ್ಕದಲ್ಲಿಟ್ಟುಕೊಂಡು ಕಚ್ಚುತ್ತೇನೆ.

ಹುಳಿ ಬರಿಸುವುದು ರುಚಿಗಷ್ಟೇ ಅಂದುಕೊಂಡಿದ್ದೆ. ಕಾರಣ ಇನ್ನೂ ಒಂದಿದೆ. ರಾಗಿಯಲ್ಲಿ ಸುಣ್ಣದಂಶ ಧಾರಾಳ: 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಬಿಳಿ ಅಕ್ಕಿಯಲ್ಲಿ ಹತ್ತರ ಆಸುಪಾಸು. ಆದರೆ ರಾಗಿ, ಕಾಳುಗಳಲ್ಲಿ ಫೈಟೇಟ್ ಎಂಬ ಅಂಶವೊಂದು ಸುಣ್ಣ, ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ದೇಹಕ್ಕೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ನೆನೆಸಿದರೆ, ಹುಳಿ ಬರಿಸಿದರೆ, ಮೊಳಕೆ ಕಟ್ಟಿದರೆ ಆ ಹಿಡಿತ ಸಡಿಲವಾಗುತ್ತದೆ. ನಮ್ಮ ಹಿಂದಿನವರಿಗೆ ಈ ಹೆಸರು ಗೊತ್ತಿರಲಿಲ್ಲ, ಪಾತ್ರೆಯನ್ನಂತೂ ತಪ್ಪದೆ ಇಡುತ್ತಿದ್ದರು.

ಇಲ್ಲೊಂದು ಮಾತು ಹೇಳದಿದ್ದರೆ ಮೋಸವಾಗುತ್ತದೆ. ರಾಗಿ ತಿಂದರೆ ಸಕ್ಕರೆ ಏರುವುದೇ ಇಲ್ಲ ಅಂತ ಪಾರ್ಕಿನಲ್ಲಿ, ಮೊಬೈಲಿನಲ್ಲಿ ಎಲ್ಲರೂ ಹೇಳುತ್ತಾರೆ. ಏರುತ್ತದೆ. ನಾನೇ ಬೆರಳು ಚುಚ್ಚಿಕೊಂಡು ನೋಡಿದ್ದೇನೆ. ದೊಡ್ಡ ಲೋಟದಲ್ಲಿ ಎರಡು ಸಲ ಅಂಬಲಿ ಕುಡಿದ ದಿನ ಮೀಟರು ತೋರಿಸಿದ ಅಂಕಿ ಅನ್ನ ಉಂಡ ದಿನದ್ದಕ್ಕೆ ಸರಿಸಮ ಇತ್ತು. ರಾಗಿಯಲ್ಲಿ ನಾರು ಜಾಸ್ತಿ, ಹೊಟ್ಟೆ ಬೇಗ ತುಂಬುತ್ತದೆ, ಅದು ನಿಜ. ಆದರೂ ಅದು ಪಿಷ್ಟವೇ. ಮೂರು ಮುದ್ದೆ ಉಣ್ಣುತ್ತಿದ್ದವನು ಒಂದಕ್ಕೆ ಇಳಿದು, ಉಳಿದ ಹೊಟ್ಟೆಯನ್ನು ಸೊಪ್ಪು ಕಾಳಿಗೆ ಬಿಟ್ಟಾಗಲೇ ನನ್ನ ಅಂಕಿ ಅಲ್ಲಾಡಿದ್ದು. ಮೂತ್ರಪಿಂಡದ ತೊಂದರೆ ಇರುವವರು ರಾಗಿ, ಸೊಪ್ಪು, ಕಾಳು ಎಷ್ಟು ತಿನ್ನಬಹುದು ಅಂತ ಡಾಕ್ಟರನ್ನೇ ಕೇಳಬೇಕು. ಅವರ ಲೆಕ್ಕವೇ ಬೇರೆ.

ಎರಡನೇ ಪಾತ್ರೆ: ಹುರುಳಿ

ಹುರುಳಿಯಲ್ಲಿ ಕಲ್ಲು ಇದ್ದೇ ಇರುತ್ತದೆ, ಅದರ ಬಣ್ಣವೂ ಹುರುಳಿಯದ್ದೇ. ಮೊರದಲ್ಲಿ ಆರಿಸಿದರೆ ಸಾಲದು. ಅಗಲ ಪಾತ್ರೆಗೆ ನೀರು ಹಾಕಿ ಜಾಲಿಸಿ. ಪಾತ್ರೆಯನ್ನು ಓರೆ ಮಾಡಿ ಅಲುಗಿಸುತ್ತಾ ಕಾಳನ್ನು ನೀರಿನ ಜೊತೆ ಇನ್ನೊಂದು ಪಾತ್ರೆಗೆ ಹರಿಸಿದರೆ ಭಾರದ ಕಲ್ಲು ತಳದಲ್ಲಿ ಉಳಿಯುತ್ತದೆ. ಕೊನೆಯ ಹಿಡಿಯ ಆಸೆ ಬಿಡಿ. ಆ ಆಸೆಗೆ ನಾನು ತೆತ್ತ ಬೆಲೆ ಒಂದು ದವಡೆಹಲ್ಲು.

ಅರ್ಧ ಪಾವು ಹುರುಳಿಗೆ ಮೂರು ಪಟ್ಟು ನೀರು. ಹತ್ತು ಹನ್ನೆರಡು ಗಂಟೆ ನೆನೆಯಬೇಕು. ಬೆಳಗ್ಗೆ ನೀರು ಬಸಿದು, ಎರಡು ಸಲ ತೊಳೆದು, ಹಳೆಯ ಪಂಚೆ ತುಂಡನ್ನು ಒದ್ದೆ ಮಾಡಿ ಹಿಂಡಿ ಅದರಲ್ಲಿ ಕಟ್ಟಿ. ಗಂಟು ಬಿಗಿಯಾಗಿರಲಿ. ಜರಡಿ ಪಾತ್ರೆಯಲ್ಲಿಟ್ಟು ಮೇಲೊಂದು ತಟ್ಟೆ ಮುಚ್ಚಿ. ಸಂಜೆ ಒಮ್ಮೆ ನೀರು ಚಿಮುಕಿಸಿ. ಮಾರನೇ ಬೆಳಗ್ಗೆ ಕಾಲಿಂಚು ಮೊಳಕೆ ಬಂದಿರುತ್ತದೆ. ಚಳಿಗಾಲದಲ್ಲಿ ಒಂದೂವರೆ ದಿನ ಹಿಡಿಯುತ್ತದೆ. ಲೋಳೆ ಕಟ್ಟಿ ಕೆಟ್ಟ ವಾಸನೆ ಬಂದರೆ ನೀರು ಸರಿಯಾಗಿ ಬಸಿದಿಲ್ಲವೆಂದು ಅರ್ಥ. ಅದನ್ನು ತೊಳೆದು ಉಳಿಸಿಕೊಳ್ಳಲು ಹೋಗಬೇಡಿ. ಮೊಳಕೆ ಕಾಳನ್ನು ಹಸಿಯಾಗಿ ತಿನ್ನುವುದನ್ನೂ ನಮ್ಮ ಮನೆಯಲ್ಲಿ ಬಿಟ್ಟಿದ್ದೇವೆ. ಮೊಳಕೆ ಬರಿಸುವ ಶಾಖ ಮತ್ತು ತೇವ ರೋಗಾಣುಗಳಿಗೂ ಇಷ್ಟ, ಬೇಯಿಸಿದರೆ ಆ ಭಯವಿಲ್ಲ.

ಇದರಲ್ಲಿ ನಾನು ಮಾಡುವುದು ಬಸ್ಸಾರು. ಬಸ್ಸಿನವನ ಬಸ್ಸಾರು ಅಂತ ಬೀದಿಯಲ್ಲಿ ನಗುತ್ತಾರೆ, ನಗಲಿ. ಬೇಯಿಸಿ ಬಸಿದ ನೀರಿನಲ್ಲಿ ಮಾಡುವ ಸಾರಾದ್ದರಿಂದ ಅದಕ್ಕೆ ಆ ಹೆಸರು. ಒಂದೇ ಒಲೆಯಲ್ಲಿ ಸಾರೂ ಆಯಿತು, ಪಲ್ಯವೂ ಆಯಿತು. ಮೊಳಕೆ ಹುರುಳಿಯನ್ನು ಬೇಕಾದಷ್ಟು ನೀರು ಹಾಕಿ ಮುಕ್ಕಾಲು ಬೇಯಿಸಿ. ಅದಕ್ಕೆ ಹೆಚ್ಚಿದ ಸೊಪ್ಪು ಎರಡು ಕಟ್ಟು ಸುರಿದು ಇನ್ನೂ ಆರೇಳು ನಿಮಿಷ. ಜರಡಿಯಲ್ಲಿ ಬಸಿದುಕೊಳ್ಳಿ. ಬಸಿದ ಆ ನೀರೇ ಕಟ್ಟು, ಅದನ್ನು ಚೆಲ್ಲಿದರೆ ಸಾರೇ ಹೋಯಿತು.

ಒಂದು ಚಮಚ ಎಣ್ಣೆಯಲ್ಲಿ ಒಂದು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸು ಬಾಡಿಸಿ. ಒಂದು ಹಿಡಿ ತೆಂಗಿನಕಾಯಿ ತುರಿ, ಎರಡು ಚಮಚ ಸಾರಿನಪುಡಿ, ಗೋಲಿ ಗಾತ್ರದ ಹುಣಿಸೆಹಣ್ಣು, ಜೊತೆಗೆ ಬೆಂದ ಕಾಳುಸೊಪ್ಪನ್ನೇ ಒಂದು ಹಿಡಿ ಸೇರಿಸಿ ನುಣ್ಣಗೆ ರುಬ್ಬಿ. ಆ ಒಂದು ಹಿಡಿ ಸಾರಿಗೆ ಮೈ ಕೊಡುತ್ತದೆ. ಅದನ್ನು ಕಟ್ಟಿನಲ್ಲಿ ಕದಡಿ ಚೆನ್ನಾಗಿ ಕುದಿಸಿ. ಉಳಿದ ಕಾಳುಸೊಪ್ಪಿಗೆ ಸಾಸಿವೆ, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಇಳಿಸುವಾಗ ಕಾಯಿತುರಿ ಉದುರಿಸಿದರೆ ಪಲ್ಯ.

ಬಸ್ಸಾರಿನಲ್ಲಿ ಉಪ್ಪು ಮೂರು ಕಡೆ ಬೀಳುತ್ತದೆ: ಬೇಯಿಸುವಾಗ ಒಮ್ಮೆ, ಸಾರಿಗೆ ಒಮ್ಮೆ, ಪಲ್ಯಕ್ಕೆ ಒಮ್ಮೆ. ಬೇಯಿಸುವಾಗ ಹಾಕುವುದನ್ನು ನಾನು ನಿಲ್ಲಿಸಿದ್ದೇನೆ. ಉಪ್ಪಿನ ವಿಷಯಕ್ಕೆ ಮತ್ತೆ ಬರುತ್ತೇನೆ.

ಹುರುಳಿ ನೀರು ಕುಡಿದರೆ ಮೂತ್ರದ ಕಲ್ಲು ಕರಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಡಿಪೋದಲ್ಲಿ ನನ್ನ ಜೊತೆಗಿದ್ದ ಚಾಲಕರೊಬ್ಬರು ಮೂರು ತಿಂಗಳು ಅದನ್ನೇ ಕುಡಿದು, ಜ್ವರ ಬಂದು, ಕೊನೆಗೆ ಆಸ್ಪತ್ರೆಗೆ ಹೋದಾಗ ಸೋಂಕು ಮೇಲಕ್ಕೆ ಏರಿತ್ತು. ಹುರುಳಿ ಒಳ್ಳೆಯ ಊಟ. ಸೊಂಟದ ಪಕ್ಕ ನೋವು, ಮೂತ್ರದಲ್ಲಿ ರಕ್ತ, ಚಳಿಜ್ವರ ಅಂದರೆ ಅದನ್ನು ನೋಡಬೇಕಾದವರು ಡಾಕ್ಟರು.

ಸೊಪ್ಪು

ಸೊಪ್ಪಿನ ಕೆಲಸವೂ ರಾತ್ರಿಯದ್ದೇ. ಟಿವಿ ಮುಂದೆ ಮೊರ ಇಟ್ಟುಕೊಂಡು ಬಿಡಿಸಿದರೆ ಒಂದು ವಾರ್ತೆ ಮುಗಿಯುವುದರೊಳಗೆ ಎರಡು ಕಟ್ಟು ಆಗುತ್ತದೆ. ರಾತ್ರಿ ತೊಳೆಯಬೇಡಿ, ಒದ್ದೆ ಸೊಪ್ಪು ಕೊಳೆಯುತ್ತದೆ. ಒಣ ಬಟ್ಟೆಯಲ್ಲಿ ಸುತ್ತಿಟ್ಟು, ಬೆಳಗ್ಗೆ ಮೂರು ನೀರಿನಲ್ಲಿ ತೊಳೆದು ಆಮೇಲೆ ಹೆಚ್ಚಿ. ಹೆಚ್ಚಿದ ಮೇಲೆ ತೊಳೆದರೆ ಸಾರ ನೀರಿಗೆ ಹೋಗುತ್ತದೆ.

ಬಸ್ಸಾರಿಗೆ ಒಂದೇ ಸೊಪ್ಪು ಸಪ್ಪೆ, ಬೆರಕೆ ಸೊಪ್ಪಿನ ರುಚಿಯೇ ರುಚಿ. ನಮ್ಮಮ್ಮ ಮಳೆ ಬಿದ್ದ ವಾರಕ್ಕೆ ಹೊಲದ ಬದುವಿನಿಂದ ಮಡಿಲು ತುಂಬ ಕಿತ್ತು ತರುತ್ತಿದ್ದಳು: ಅಣ್ಣೆ, ಹೊನಗೊನೆ, ಗಣಿಕೆ, ಗೋಣಿ, ಕೀರೆ. ಒಂದೊಂದರದ್ದೂ ಒಂದೊಂದು ಗುಣ, ಒಂದು ಹುಳಿ, ಒಂದು ಲೋಳೆ, ಒಂದು ಚೂರು ಕಹಿ. ಈಗ ಪೇಟೆಯಲ್ಲಿ ದಂಟು, ಪಾಲಕ್, ಮೆಂತ್ಯ, ಸಬ್ಬಸಿಗೆ ಬಿಟ್ಟರೆ ಉಳಿದವು ಕಾಣುವುದೇ ಅಪರೂಪ. ಸಂತೆ ದಿನ ಹಳ್ಳಿಯಿಂದ ಬುಟ್ಟಿ ಹೊತ್ತು ಬರುವ ಅಜ್ಜಿಯರ ಹತ್ತಿರ ಸಿಗುತ್ತದೆ, ಎಂಟು ಗಂಟೆಯೊಳಗೆ ಹೋಗಬೇಕು. ಗುರುತು ಗೊತ್ತಿಲ್ಲದ ಎಲೆಯನ್ನು ಕೀಳಬೇಡಿ, ಚರಂಡಿ ಪಕ್ಕದ್ದು, ಔಷಧಿ ಹೊಡೆದ ಹೊಲದ್ದು ಬೇಡವೇ ಬೇಡ. ನುಗ್ಗೆಮರ ಇದ್ದರೆ ನೀವು ಅದೃಷ್ಟವಂತರು. ನಮ್ಮ ಹಿತ್ತಿಲಲ್ಲಿ ಒಂದಿದೆ, ಅರ್ಧ ಬೀದಿಗೆ ಅದರದ್ದೇ ಸೊಪ್ಪು.

ಸೊಪ್ಪಿನ ಊಟಕ್ಕೆ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಿ. ಅದರಲ್ಲಿರುವ ಸಿ ಜೀವಸತ್ವ ಸೊಪ್ಪಿನ ಕಬ್ಬಿಣ ಮೈಗೆ ಹಿಡಿಯಲು ನೆರವಾಗುತ್ತದೆ. ಉಂಡ ಕೂಡಲೇ ಟೀ ಕುಡಿದರೆ ಉಲ್ಟಾ, ಟೀಯ ಒಗರು ಕಬ್ಬಿಣವನ್ನು ತಡೆಯುತ್ತದೆ. ಊಟಕ್ಕೂ ಟೀಗೂ ಒಂದು ಗಂಟೆ ಬಿಡಿ. ರಕ್ತ ಕಡಿಮೆ ಅಂತ ಹೇಳಿಸಿಕೊಂಡ ಹೆಣ್ಣುಮಕ್ಕಳಿಗೆ ಇದು ಹೆಚ್ಚು ಮುಖ್ಯ. ನನ್ನ ಹೆಂಡತಿಯ ಊಟ ಮುಗಿಯುವ ಹೊತ್ತಿಗೆ ನಾನೇ ಎಷ್ಟೋ ವರ್ಷ "ಒಂದು ಟೀ ಇಡು, ನೀನೂ ಕುಡಿ" ಅಂದಿದ್ದೇನೆ.

ಆ ಎಂಟು ಟೀ ಎರಡಕ್ಕೆ ಇಳಿದದ್ದು ಒಂದೇ ದಿನದಲ್ಲಲ್ಲ. ಸಕ್ಕರೆಯನ್ನು ಹದಿನೈದು ದಿನಕ್ಕೆ ಕಾಲು ಚಮಚದಂತೆ ಇಳಿಸಿದೆ. ನಾಲಿಗೆಗೆ ಗೊತ್ತೇ ಆಗಲಿಲ್ಲ. ಸಕ್ಕರೆ ಬಿಟ್ಟು ಬೆಲ್ಲ ಹಾಕಿಕೊಂಡು ಗೆದ್ದೆವು ಅಂದುಕೊಳ್ಳುವವರಿಗೆ ಒಂದು ಮಾತು: ಮೀಟರಿಗೆ ಬೆಲ್ಲವೂ ಸಕ್ಕರೆಯೇ.

ಮೂರನೇ ಪಾತ್ರೆ

ಮೊಸರಿನ ಬಗ್ಗೆ ಹೆಚ್ಚು ಹೇಳುವಂತದ್ದಿಲ್ಲ. ಕಾಯಿಸಿದ ಹಾಲು ಬೆರಳು ಸಹಿಸುವಷ್ಟು ಬೆಚ್ಚಗಿರುವಾಗ ಒಂದು ಚಮಚ ಮೊಸರು ಬೆರೆಸಿ. ಚಳಿಗಾಲದಲ್ಲಿ ಪಾತ್ರೆಗೆ ಟವೆಲ್ ಸುತ್ತಿ ಅಕ್ಕಿ ಡಬ್ಬದೊಳಗೆ ಇಡಿ. ಗಟ್ಟಿ ಮೊಸರಿಗಿಂತ ತೆಳುವಾದ ಮಜ್ಜಿಗೆ ನನಗೆ ಇಷ್ಟ: ಒಂದು ಪಾಲು ಮೊಸರಿಗೆ ಮೂರು ಪಾಲು ನೀರು, ಕರಿಬೇವು, ಇಂಗು. ಪಾವಗಡದ ಬಿಸಿಲಿನಲ್ಲಿ ಪ್ಲಾಸ್ಟಿಕ್ ಬಾಟಲಿಯ ತಂಪು ಪಾನೀಯ ಕುಡಿದು ಕಳೆದ ಬೇಸಿಗೆಗಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಪಾವಗಡ ಅಂದಾಗ ನೀರಿನ ಮಾತು ಬರಲೇಬೇಕು. ಆ ಸೀಮೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ಯೋಗ್ಯವಲ್ಲ. ಟಿಕೆಟ್ ಕೊಡುವಾಗ ನಗುವ ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ, ಮೆಟ್ಟಿಲು ಹತ್ತಲಾರದೆ ಬೆನ್ನು ಸೆಟೆದ ನಡುವಯಸ್ಸಿನವರು, ಇವನ್ನೆಲ್ಲ ವರ್ಷಗಟ್ಟಲೆ ಕಣ್ಣಾರೆ ನೋಡಿದ್ದೇನೆ. "ಕಾಯಿಸಿ ಕುಡೀತೀವಿ ಬಿಡಿ" ಅನ್ನುತ್ತಿದ್ದರು. ಕಾಯಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಅಂಥ ಕಡೆ ಇರುವವರು ಶುದ್ಧೀಕರಿಸಿದ ನೀರು ಅಥವಾ ಹಿಡಿದಿಟ್ಟ ಮಳೆನೀರನ್ನು ಕುಡಿಯಲಿಕ್ಕಷ್ಟೇ ಅಲ್ಲ, ಅಡುಗೆಗೂ ಬಳಸಬೇಕು. ಸಾರಿನ ಎಸರಿಗೆ ಕೊಳವೆಬಾವಿ ನೀರು ಹಾಕಿ, ಕುಡಿಯಲು ಮಾತ್ರ ಕ್ಯಾನ್ ನೀರು ಇಟ್ಟುಕೊಂಡರೆ ಅರ್ಧ ಕೆಲಸವಷ್ಟೇ ಆದಂತೆ.

ಅಡುಗೆಮನೆಯ ವೇಬಿಲ್

ಕಂಡಕ್ಟರ್‌ಗೆ ವೇಬಿಲ್, ಅಂದರೆ ಟಿಕೆಟ್ ಕಲೆಕ್ಷನ್ನಿನ ಲೆಕ್ಕದ ಹಾಳೆ, ಬರೆಯದೆ ದಿನ ಮುಗಿಯುವುದಿಲ್ಲ. ನಿವೃತ್ತಿಯಾದ ಮೇಲೂ ಕೈ ಸುಮ್ಮನಿರಲಿಲ್ಲ, ಉಪ್ಪಿನ ಪೊಟ್ಟಣದ ಮೇಲೆ ಒಡೆದ ದಿನಾಂಕ ಬರೆಯಲು ಶುರು ಮಾಡಿದೆ. ಅದರಿಂದ ಕಲಿತದ್ದು ಬಹಳ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ ಉಪ್ಪು 5 ಗ್ರಾಂ ಮೀರಬಾರದು, ಅಂದರೆ ಒಂದು ಚಿಕ್ಕ ಚಮಚ. ಊಟದಲ್ಲಿ ಎಷ್ಟು ಗ್ರಾಂ ಉಪ್ಪು ಹೊಟ್ಟೆಗೆ ಹೋಯಿತು ಅಂತ ಯಾರು ಅಳೆಯುತ್ತಾರೆ? ಪೊಟ್ಟಣ ಅಳೆಯಿರಿ. ಇಬ್ಬರಿಗೆ ದಿನಕ್ಕೆ 10 ಗ್ರಾಂ, ಒಂದು ಕೆಜಿ ನೂರು ದಿನ ಬರಬೇಕು. ನಮ್ಮನೆಯಲ್ಲಿ ಮೊದಲ ಪೊಟ್ಟಣ ಮುಗಿದದ್ದು 46ನೇ ದಿನಕ್ಕೆ! ನಾನು ಲೆಕ್ಕ ತಪ್ಪಿರಬೇಕು ಅಂತ ಎರಡನೆಯದನ್ನೂ ನೋಡಿದೆ, ಅದು 48. ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಮಿಕ್ಸ್ಚರಿನ ಉಪ್ಪು ಇದರಲ್ಲಿ ಸೇರಿಯೇ ಇಲ್ಲ. ಬಸ್ಸಾರಿನ ಒಂದು ಹಂತದ ಉಪ್ಪು ತೆಗೆದೆ, ಅನ್ನಕ್ಕೆ ಹಾಕುವುದನ್ನು ಬಿಟ್ಟೆ, ಊಟದ ಜಾಗದಿಂದ ಉಪ್ಪಿನ ಬಟ್ಟಲು ಎತ್ತಿಟ್ಟೆ. ಬೆಳ್ಳುಳ್ಳಿ, ಮೆಣಸು, ನಿಂಬೆ ಜಾಸ್ತಿ ಮಾಡಿದೆ. ಈಗ ಒಂದು ಪೊಟ್ಟಣ 85 ದಿನ ಬರುತ್ತಿದೆ. ನೂರು ಇನ್ನೂ ಮುಟ್ಟಿಲ್ಲ.

ಸೈಂಧವ ಉಪ್ಪು, ಗುಲಾಬಿ ಉಪ್ಪು ಅಂತ ದುಡ್ಡು ಸುರಿಯುವವರಿದ್ದಾರೆ. ಬಿಪಿಯ ಮಟ್ಟಿಗೆ ಅದೂ ಉಪ್ಪೇ, ಸಾಲದ್ದಕ್ಕೆ ಸಾಮಾನ್ಯವಾಗಿ ಅದರಲ್ಲಿ ಅಯೋಡಿನ್ ಬೆರೆಸಿರುವುದಿಲ್ಲ. ಕಡಿಮೆ ಸೋಡಿಯಂ ಉಪ್ಪು ಅಂತ ಸಿಗುವುದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು, ಬಿಪಿಯ ಕೆಲವು ಮಾತ್ರೆ ನುಂಗುವವರು ಅದನ್ನು ಕೇಳದೆ ಬಳಸಬಾರದು.

ಎಣ್ಣೆಗೂ ಇದೇ ವಿದ್ಯೆ. ಇಬ್ಬರಿಗೆ ತಿಂಗಳಿಗೆ ಒಂದು ಲೀಟರ್ ಅಂದರೆ ತಲೆಗೆ ದಿನಕ್ಕೆ ಮೂರು ಚಿಕ್ಕ ಚಮಚ. ಕರಿದದ್ದು ಮಾಡಿದ ವಾರ ಬಾಟಲಿ ತಾನೇ ಸಾಕ್ಷಿ ಹೇಳುತ್ತದೆ.

ನಂಬಬೇಡದ್ದು

ಫ್ಯಾಮಿಲಿ ಗ್ರೂಪಿನಲ್ಲಿ ದಿನಕ್ಕೊಂದು ಕಷಾಯ ಬರುತ್ತದೆ. ಮೆಂತ್ಯ ನೆನೆಸಿದ ನೀರನ್ನು ನಾನೂ ಕುಡಿಯುತ್ತೇನೆ, ಕಾಳನ್ನು ಅಗಿದು ನುಂಗುತ್ತೇನೆ, ಹೊಟ್ಟೆ ಹಗುರಾಗುತ್ತದೆ. ಸಕ್ಕರೆ ಮಾತ್ರೆ ನುಂಗುವವರು ಹಿಡಿಗಟ್ಟಲೆ ತಿಂದರೆ ಸಕ್ಕರೆ ಇಳಿದು ತಲೆಸುತ್ತು ಬರಬಹುದು, ಡಾಕ್ಟರ ಕಿವಿಗೆ ಹಾಕಿ ಶುರು ಮಾಡಿ. ಭಯ ಹುಟ್ಟಿಸಿದ್ದು ಸೋರೆಕಾಯಿ ಹಸಿ ರಸ. ಸೋರೆಕಾಯಿ ಒಮ್ಮೊಮ್ಮೆ ಕಹಿಯಾಗಿರುತ್ತದೆ, ಆ ಕಹಿ ವಿಷ. ವಾಂತಿ, ಭೇದಿ, ರಕ್ತವಾಂತಿ ಆಗಿ ಜನ ಸತ್ತದ್ದೂ ಉಂಟು. ಒಂದು ಚೂರು ಕತ್ತರಿಸಿ ನಾಲಿಗೆಗೆ ಮುಟ್ಟಿಸಿ. ಕಹಿ ಇದ್ದರೆ ಉಗಿದು ಬಾಯಿ ಮುಕ್ಕಳಿಸಿ, ಇಡೀ ಕಾಯಿ ಬಿಸಾಡಿ. ಸೌತೆಕಾಯಿ, ಹೀರೆಕಾಯಿಗೂ ಇದೇ ನಿಯಮ. "ಕಹಿ ಇದ್ದಷ್ಟೂ ಔಷಧಿ" ಎಂಬ ಗಾದೆಯಂಥ ಮಾತು ಹಾಗಲಕಾಯಿಗೆ ಇರಲಿ, ಸೋರೆಗೆ ಬೇಡ.

ಊಟ ಆದ ಮೇಲೆ

ರಾತ್ರಿ ಊಟ ಏಳೂವರೆಗೆ ಮುಗಿಯುತ್ತದೆ. ಡ್ಯೂಟಿಯ ದಿನಗಳಲ್ಲಿ ಹತ್ತಕ್ಕೆ ಉಂಡು ಹತ್ತೂಕಾಲಿಗೆ ಬಸ್ಸಿನ ಸೀಟಿನ ಮೇಲೆ ಮಲಗುತ್ತಿದ್ದವನಿಗೆ ಮೊದಮೊದಲು ಎಂಟೂವರೆಗೆ ಮತ್ತೆ ಹಸಿವು. ಹದಿನೈದು ದಿನ ಸಹಿಸಿದೆ, ಆಮೇಲೆ ಹೋಯಿತು. ಉಂಡ ಹತ್ತು ನಿಮಿಷಕ್ಕೆ ಇಬ್ಬರೂ ಬೀದಿಯಲ್ಲಿ ನಿಧಾನವಾಗಿ ನಾಲ್ಕು ಸುತ್ತು, ಹದಿನೈದು ನಿಮಿಷ. ಹೆಂಡತಿಯ ಹೊಸ ಮಂಡಿಗೂ ಅದು ವ್ಯಾಯಾಮ. ಊಟದ ನಂತರದ ನಡಿಗೆ ಏರುವ ಸಕ್ಕರೆಯನ್ನು ತಗ್ಗಿಸುತ್ತದೆ. ದುಡಿಯುವ ಸ್ನಾಯು ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ, ಅಷ್ಟೇ ಕಾರಣ. ನನ್ನ ಮೀಟರಿನಲ್ಲಿ ನಡೆದ ದಿನಕ್ಕೂ ನಡೆಯದ ದಿನಕ್ಕೂ ಇಪ್ಪತ್ತು ಮೂವತ್ತರ ವ್ಯತ್ಯಾಸ ಕಂಡಿದೆ. ಬೆಳಗ್ಗೆ ಅಮಾನಿಕೆರೆ ಕಡೆ ಮುಕ್ಕಾಲು ಗಂಟೆ ಬಿರುಸಾಗಿ ಹೋಗುತ್ತೇನೆ, ಅದು ಬೇರೆ.

ಮೊಬೈಲು ರಾತ್ರಿ ಅಡುಗೆಮನೆಯಲ್ಲೇ, ಮೂರು ಪಾತ್ರೆಗಳ ಪಕ್ಕ ಮಲಗುತ್ತದೆ. ನಾವು ಒಳಗೆ.

ತಿಂಗಳಿಗೊಂದು ಭಾನುವಾರ ಕ್ಯಾತ್ಸಂದ್ರಕ್ಕೆ ಹೋಗಿ ಎರಡು ತಟ್ಟೆ ಇಡ್ಲಿ, ಮೇಲೆ ಬೆಣ್ಣೆ, ಚಟ್ನಿ ಎರಡು ಸಲ ಹಾಕಿಸಿಕೊಂಡು ತಿನ್ನುತ್ತೇನೆ. ಅದನ್ನು ವೇಬಿಲ್ಲಿನಲ್ಲಿ ಬರೆಯುವುದಿಲ್ಲ.

ನನಗೀಗ 63. ತೂಕ 81ರಿಂದ 73ಕ್ಕೆ ಬಂದಿದೆ, ಎಚ್‌ಬಿಎ1ಸಿ 5.8. ಇದು ಒಬ್ಬನ ಮೈಯ ಲೆಕ್ಕ, ಮಾತ್ರೆಯೂ ಜೊತೆಗಿದೆ. ನಿಮ್ಮದನ್ನು ನೀವೇ ಪರೀಕ್ಷೆ ಮಾಡಿಸಿ ನೋಡಬೇಕು. ಮೂರೂ ಪಾತ್ರೆಯನ್ನು ಒಂದೇ ದಿನ ಇಡಲು ಹೋಗಬೇಡಿ, ಮೂರನೇ ದಿನಕ್ಕೆ ಬೇಜಾರಾಗುತ್ತದೆ. ಮೊದಲ ತಿಂಗಳು ಹುರುಳಿಯೊಂದೇ ಸಾಕು, ವಾರಕ್ಕೆ ಎರಡು ಸಲ.

ಮರೆತ ರಾತ್ರಿಗಳೂ ಇರುತ್ತವೆ. ಮೊನ್ನೆ ಹನ್ನೊಂದು ಗಂಟೆಗೆ ಕತ್ತಲಲ್ಲಿ ಹೆಂಡತಿ, "ರೀ, ಹುರುಳಿ ಹಾಕಿದ್ರಾ?" ಅಂದಳು.

"ಇಲ್ಲ ಕಣೇ. ಏಳಲಾ?"

"ಬೇಡ ಬಿಡಿ, ಮಲಗಿ. ನಾಳೆ ಹೆಸರುಬೇಳೆ."

ಹೆಸರುಬೇಳೆ ನೆನೆಯಬೇಕಿಲ್ಲ. ಸೊಪ್ಪಿನ ಜೊತೆ ಇಪ್ಪತ್ತು ನಿಮಿಷಕ್ಕೆ ಬೇಯುತ್ತದೆ. ಒಂದು ಡಬ್ಬ ಯಾವಾಗಲೂ ಮನೆಯಲ್ಲಿರಲಿ.